ಹರವಿಯ ಹೆಪ್ಪು

ಹೊಸಪೇಟೆ
೧೪ ಜೂನ್ ೨೦೨೫

ಚಿ. ಅರ್ಚಿತಾಗೆ ಯಮುನತ್ತೆಯ ಆಶೀರ್ವಾದಗಳು.

ನೀನು ಕಂಪ್ಲಿಗೆ ಹೋಗಿ ಹದಿನೇಳು ದಿನವಾಯಿತು. ಪಕ್ಕದ ಮನೆಯವರಿಗೆ ಫೋನು ಮಾಡಿ ‘ಅತ್ತೆಗೆ ಹೇಳಿ’ ಎಂದೆಯಂತೆ. ನನ್ನ ಕಿವಿ ಹೋದ ಮೇಲೆ ಫೋನು ನನಗೆ ಬರೀ ಗುಂಯ್ ಎನ್ನುವ ಡಬ್ಬಿ. ಆ ಗಾಜಿನ ಮೇಲೆ ಬೆರಳಾಡಿಸಿ ಬರೆಯುವುದೂ ನನಗೆ ಬಗೆಹರಿಯುವುದಿಲ್ಲ. ಮೊಮ್ಮಕ್ಕಳ ವಯಸ್ಸಿನವರ ಬಾಯಿಂದ ನಿನ್ನ ಸುದ್ದಿ ಕೇಳುವುದು ನನಗೆ ಬೇಕಿಲ್ಲ. ಕಾಗದ ಬರಿ.

ಒಂದು ವಿಷಯ ಅರ್ಥವಾಗಲಿಲ್ಲ. ತೋರಣಗಲ್ಲಿನ ಕಾರ್ಖಾನೆಯ ಲ್ಯಾಬಿನಲ್ಲಿ ಆರು ವರ್ಷ ದುಡಿದವಳನ್ನು ಕಂಪನಿಯವರು ಕಂಪ್ಲಿಗೆ ಏಕೆ ಕಳಿಸಿದರು? ಕಂಪ್ಲಿಯಲ್ಲಿರುವುದು ಭತ್ತ, ಕಬ್ಬು, ರೈಸ್ ಮಿಲ್ಲು. ಅಕ್ಕಿಯಲ್ಲಿ ಉಕ್ಕು ಎಷ್ಟಿದೆ ಎಂದು ನೋಡುತ್ತೀಯೇನು? ಕಂಪನಿ ಬಸ್ಸಿನ ಪಾಸು ಇಲ್ಲೇ ಮೊಳೆಯಲ್ಲಿ ತೂಗುತ್ತಿದೆ. ಆ ಭಾರದ ಬೂಟುಗಳೂ ಮಂಚದ ಕೆಳಗೆ ಇವೆ. ಕೆಲಸಕ್ಕೆ ಹೋದವಳು ಬೂಟು ಬಿಟ್ಟು ಹೋಗುವುದನ್ನು ನಾನು ನೋಡಿಲ್ಲ.

ನಿನ್ನ ಅಪ್ಪ ತೀರಿಕೊಂಡಾಗ ನಿನಗೆ ಹತ್ತು ವರ್ಷ. ಅಂದಿನಿಂದ ನಿನ್ನ ಮುಖ ನೋಡಿದವಳು. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಮಕ್ಕಳ ಸುಳ್ಳು ಕೇಳಿದ್ದೇನೆ. ಬೇಗ ಬರಿ, ಆದರೆ ಯೋಚಿಸಿ ಬರಿ.

ಯಮುನಾಬಾಯಿ


ಕಂಪ್ಲಿ
೨೨ ಜೂನ್ ೨೦೨೫

ಅತ್ತೆಗೆ ಅರ್ಚಿತಾಳ ನಮಸ್ಕಾರಗಳು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಕೋಟೆಯ ಕಡೆ ಒಂದು ಕೋಣೆ ಸಿಕ್ಕಿದೆ, ಹಿಂದೆ ತಗಡಿನ ಶೆಡ್ಡಿದೆ. ಮನೆಯವರು ಒಳ್ಳೆಯವರು. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ.

ಕೆಲಸ ಎಂದರೆ, ಕಟ್ಟಡದ ಸಾಮಾನುಗಳನ್ನು ಪರೀಕ್ಷೆ ಮಾಡುವುದು. ಇಲ್ಲಿ ಬೂಟು ಬೇಕಾಗುವುದಿಲ್ಲ. ಪಾಸೂ ಬೇಕಾಗುವುದಿಲ್ಲ. ಎಷ್ಟು ದಿನ ಎಂದು ಈಗಲೇ ಹೇಳಲಾರೆ.

ನಿಮ್ಮ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀರಾ?

ಅರ್ಚಿತಾ


ಹೊಸಪೇಟೆ
೧೩ ಜುಲೈ ೨೦೨೫

ಚಿ. ಅರ್ಚಿತಾಗೆ ಆಶೀರ್ವಾದಗಳು.

ನಾನು ಕೇಳಿದ್ದು ಬೂಟಿನ ವಿಷಯ, ನೀನು ಬರೆದದ್ದು ಮೊಣಕಾಲಿನ ವಿಷಯ. ನನ್ನ ಮೊಣಕಾಲು ಸರಿಯಾಗಿದೆ.

ನನ್ನ ಮೈದುನ ವೆಂಕೋಬ ಮಿಲ್ಲಿನ ಕೆಲಸಕ್ಕೆ ದಿನಾ ಕಂಪ್ಲಿಗೆ ಹೋಗಿ ಬರುತ್ತಾನಲ್ಲ, ಮೊನ್ನೆ ಬಂದವನು ನೀರನ್ನೂ ಕುಡಿಯದೆ ಶುರು ಮಾಡಿದ. ಕಿವಿಯ ಹತ್ತಿರ ಬಂದು ಕೂಗಿ ಹೇಳಿದ್ದರಿಂದ ಬೀದಿಗೆಲ್ಲ ಕೇಳಿಸಿತು. “ವೈನಿ, ನಿಮ್ಮ ಅರ್ಚಿತಾ ಸ್ಕೂಟಿ ಮ್ಯಾಲೆ ಎರಡು ಟ್ರೇ ತತ್ತಿ ಇಟ್ಕೊಂಡು ಹೊಂಟಿದ್ಲು. ಒಂದು ತತ್ತಿ ಅಲ್ಲ, ಎರಡು ತತ್ತಿ ಅಲ್ಲ, ಎರಡು ಟ್ರೇ! ನನ್ನ ನೋಡಿ ಮುಖ ಆ ಕಡೆ ತಿರುವಿದ್ಲು.”

ಎರಡು ಟ್ರೇ ಎಂದರೆ ಅರವತ್ತು ತತ್ತಿ. ಶಾಕವ್ರತ ನಡೆದಿದೆ, ನಾನು ಒಂದು ಎಲೆ ಕೊತ್ತಂಬರಿಯನ್ನೂ ಬಾಯಿಗೆ ಹಾಕಿಲ್ಲ. ನೀನು ವ್ರತ ಹಿಡಿಯಬೇಕೆಂದು ನಾನು ಎಂದೂ ಹೇಳಿದವಳಲ್ಲ. ಆದರೆ ಒಬ್ಬಳೇ ಇರುವವಳಿಗೆ ಅರವತ್ತು ತತ್ತಿ ಯಾಕೆ? ಆ ಮನೆಯಲ್ಲಿ ಇನ್ನೂ ಯಾರಿದ್ದಾರೆ? ನಿನ್ನ ಕೈಯೆಲ್ಲ ಬೆಳ್ಳಗೆ ಸುಟ್ಟ ಹಾಗಿತ್ತು ಎಂದೂ ವೆಂಕೋಬ ಹೇಳಿದ. ಇದು ಯಾವ ಪರೀಕ್ಷೆ?

ಯಮುನಾಬಾಯಿ


ಕಂಪ್ಲಿ
೮ ಆಗಸ್ಟ್ ೨೦೨೫

ಅತ್ತೆಗೆ ನಮಸ್ಕಾರಗಳು.

ಮೂರು ಸಲ ಬರೆದು ಹರಿದೆ. ಈಗ ನೇರವಾಗಿ ಬರೆಯುತ್ತೇನೆ. ನಾನು ಕೆಲಸ ಬಿಟ್ಟಿದ್ದೇನೆ. ಕಂಪನಿ ನನ್ನನ್ನು ಎಲ್ಲಿಗೂ ಕಳಿಸಿಲ್ಲ.

ಕಳೆದ ಚಳಿಗಾಲದಲ್ಲಿ ಹಂಪಿಯಲ್ಲಿ ಒಂದು ಮಂಟಪದ ಗೋಡೆ ನೋಡಿದೆ. ಅದಕ್ಕೆ ಹಚ್ಚಿದ ಸಿಮೆಂಟಿನ ತೇಪೆ ಹತ್ತು ವರ್ಷದಲ್ಲಿ ಬಿರಿದು ಉದುರುತ್ತಿತ್ತು. ಪಕ್ಕದಲ್ಲೇ ಐನೂರು ವರ್ಷದ ಸುಣ್ಣದ ಗಾರೆ ಅಂಗೈಗೆ ತಣ್ಣಗೆ, ನುಣ್ಣಗೆ ಕೂತಿತ್ತು. ನಾನು ಉಕ್ಕಿನ ಕಾರ್ಖಾನೆಯ ಸಿಮೆಂಟು ವಿಭಾಗದಲ್ಲಿ ಆರು ವರ್ಷ ಅದರ ಅಚ್ಚುಗಳನ್ನು ಯಂತ್ರದಲ್ಲಿ ಒಡೆದು ಅಂಕಿ ಬರೆದವಳು. ಆ ಗೋಡೆ ಮಾಡಿದವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಅತ್ತೆ. ನನ್ನ ಕೈ ಒಂದು ದಿನವೂ ಅಂಥದ್ದೇನನ್ನೂ ಮಾಡಿಲ್ಲವಲ್ಲ ಎಂದು ಅಳು ಬಂತು. ಅಲ್ಲೇ ಕೂತು ಅತ್ತುಬಿಟ್ಟೆ.

ಆ ಗಾರೆ ಕಲೆಸುವುದು ಗೊತ್ತಿರುವ ಕೈಗಳು ಈ ಕಡೆ ಬಹಳ ಇಲ್ಲ. ಹುಲುಗಪ್ಪಜ್ಜನವು ಅಂಥ ಕೈಗಳು. ನಾನಿರುವುದು ಅವರ ಮನೆಯ ಕೋಣೆಯಲ್ಲಿ. ತತ್ತಿ ತಿನ್ನುವುದಕ್ಕಲ್ಲ, ಬಿಳಿಯ ಲೋಳೆಯನ್ನು ಸುಣ್ಣಕ್ಕೆ ಸೇರಿಸಿ ಗೋಡೆಗೆ ಹೊಳಪು ಕೊಡುತ್ತಾರೆ. ಅಭ್ಯಾಸಕ್ಕೆಂದು ಶೆಡ್ಡಿನ ಗೋಡೆಗೆ ಹಾಕಿದೆವು. ಕೈ ಬೆಳ್ಳಗಾದದ್ದು ಸುಣ್ಣದಿಂದ.

ಈಗ ಹೊಳೆಯ ದಂಡೆಯ ಪ್ರಾಣದೇವರ ಗುಡಿಯ ಹಿರಿಯರು ನಮಗೆ ಒಂದು ಗೋಡೆ ಕೊಟ್ಟಿದ್ದಾರೆ. ಕಾರ್ತಿಕ ಹುಣ್ಣಿಮೆಯೊಳಗೆ ಅದು ಬಿರುಕಿಲ್ಲದೆ ನಿಂತರೆ ಇಡೀ ಗುಡಿ ನಮ್ಮದು. ನಿಲ್ಲದಿದ್ದರೆ ಸಿಮೆಂಟು. ಅಜ್ಜ ಹೇಳಿದರು: “ದೇವ್ರ ಗ್ವಾಡಿಗೆ ತತ್ತಿ ಬ್ಯಾಡ ಯವ್ವಾ, ಗಟ್ಟಿ ಮೊಸರು ಸಾಕು.” ಅಂಗಡಿಯ ಮೊಸರು ನೀರು. ನಿಮ್ಮ ಮೊಸರು ಬೇಕು. ವೆಂಕೋಬ ಕಾಕಾ ಬರುವಾಗ ಒಂದು ಡಬ್ಬಿ ಕಳಿಸುತ್ತೀರಾ?

ಅರ್ಚಿತಾ


ಹೊಸಪೇಟೆ
೧೭ ಆಗಸ್ಟ್ ೨೦೨೫

ಅರ್ಚಿತಾ,

ಗೋಡೆ ತತ್ತಿ ತಿನ್ನುತ್ತದೆ, ಮೊಸರು ಉಣ್ಣುತ್ತದೆ ಎಂದು ಬರೆದಿದ್ದೀಯ. ಹೋಂವರ್ಕ್ ಪುಸ್ತಕ ಎಮ್ಮೆ ತಿಂದಿತು ಎಂದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಕೆಲಸ ಬಿಟ್ಟದ್ದು ಮಾತ್ರ ನಿಜವೆಂದು ನಂಬಿದೆ. ಎರಡೂವರೆ ತಿಂಗಳು ಸುಳ್ಳು ಹೇಳಿದವಳು ಒಂದು ನಿಜವನ್ನು ಮುಂದೆ ಮಾಡಿ ಅದರ ಹಿಂದೆ ಇನ್ನೇನು ಇಟ್ಟಿದ್ದಾಳೆ ಎಂದು ನಾನು ಯೋಚಿಸಬಾರದೆ? ಆ ಹುಲುಗಪ್ಪನಿಗೆ ಅಂಜಿನೇಯ ಎಂಬ ಮಗನಿದ್ದಾನಂತೆ, ತೋರಣಗಲ್ಲಿನಲ್ಲಿ ಕಾಂಟ್ರಾಕ್ಟ್ ಕೆಲಸವಂತೆ. ಅವನ ಹೆಸರು ನಿನ್ನ ಕಾಗದದಲ್ಲಿ ಇಲ್ಲ. ಯಾಕಿಲ್ಲ?

ಮೊಸರು ಕೇಳಿದ್ದೀಯ. ಇದು ದಧಿವ್ರತದ ತಿಂಗಳು. ಈ ಮನೆಯಲ್ಲಿ ಯಾರೂ ಮೊಸರು ಮುಟ್ಟುವುದಿಲ್ಲ. ಆದರೂ ದಿನಾ ಹೆಪ್ಪು ಹಾಕಿ ದಾನ ಕೊಡುತ್ತೇನೆ. ನಮ್ಮತ್ತೆ ತಮ್ಮ ತವರಿನಿಂದ ತಂದ ಹೆಪ್ಪು ಅದು. ಒಂದು ದಿನ ತಪ್ಪಿದರೆ ಹೋಯಿತು. ಅದನ್ನು ಯಾರದೋ ಗೋಡೆಗೆ ಕೊಡಲಾರೆ.

ನಿನ್ನ ಶೆಡ್ಡಿನ ಮುಂದೆ ಹಾದುಹೋದಾಗ ಬಂದ ವಾಸನೆಯ ಬಗ್ಗೆ ವೆಂಕೋಬ ಹೇಳಿದ್ದನ್ನು ಇಲ್ಲಿ ಬರೆಯಲು ನನ್ನ ಕೈ ಬರುತ್ತಿಲ್ಲ.

ಯಮುನಾಬಾಯಿ


ಕಂಪ್ಲಿ
೨೫ ಆಗಸ್ಟ್ ೨೦೨೫

ಅತ್ತೆಗೆ,

ನಿಮ್ಮ ಕಾಗದಕ್ಕೆ ಜಗಳವಾಡಿ ಉತ್ತರ ಬರೆಯಬೇಕೆಂದಿದ್ದೆ. ಈಗ ಜಗಳಕ್ಕೂ ಶಕ್ತಿ ಇಲ್ಲ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ನಿಮಗೇ ಬರೆಯುತ್ತಿದ್ದೇನೆ.

ವಾಸನೆ ಎಂದಿರಿ. ಶೆಡ್ಡಿನಲ್ಲಿ ಎರಡು ದೊಡ್ಡ ಮಣ್ಣಿನ ಹರವಿಗಳಿದ್ದವು. ಅವುಗಳಲ್ಲಿ ಬೆಲ್ಲ ಮತ್ತು ಅಳಲೆಕಾಯಿ ನೆನೆಹಾಕಿ ಹುಳಿ ಬರಿಸಿದ ನೀರು. ಅದನ್ನು ಸುಣ್ಣಕ್ಕೆ ಬಿಟ್ಟು ಕಲೆಸಿದರೇ ಗಾರೆ ಕಲ್ಲಾಗುವುದು. ಹೊಸ ಬೆಲ್ಲದ ನೀರಿಗೆ ಹಳೆಯ ನೀರು ಬೆರೆಸಬೇಕು, ನಿಮ್ಮ ಮೊಸರಿನ ಹಾಗೆಯೇ. ಅಜ್ಜನ ಗುರು ಕೊಟ್ಟ ಹೆಪ್ಪು ಅದು. ನಲವತ್ತು ವರ್ಷ ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೊತ್ತುಕೊಂಡು ತಿರುಗಿದ್ದಾರೆ. ಇದನ್ನು ನಿಮಗೆ ಮೊದಲೇ ಬರೆಯಲಿಲ್ಲ. ಹುಳಿ ಬಂದ ಬೆಲ್ಲ ಎಂದರೆ ನೀವು ಏನು ಅಂದುಕೊಳ್ಳುತ್ತೀರೆಂದು ಗೊತ್ತಿತ್ತು.

ಮೊನ್ನೆ ಶನಿವಾರ ಅಮಾವಾಸ್ಯೆ. ಅಂದು ಗಾರೆ ಕೆಲಸ ಮಾಡುವುದಿಲ್ಲ. ಅಜ್ಜ, ಅವರ ಹೆಂಡತಿ ವಿರುಪಮ್ಮ, ನಾನು ಮೂವರೂ ಹಂಪಿಗೆ ಹೋಗಿದ್ದೆವು. ಸಂಜೆ ಬಂದು ನೋಡಿದರೆ ಎರಡೂ ಹರವಿ ಖಾಲಿ. ಒಂದು ಹನಿಯೂ ಇಲ್ಲ. ಅಜ್ಜ ಹರವಿಯನ್ನು ಎತ್ತಿ ಹಿಡಿದು ಒಳಗೆ ಕೈ ಹಾಕಿ ತಡಕಿದರು, ಕೂತುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ನನಗೆ ಅನುಮಾನ ಇರುವುದು ಅಂಜಿನೇಯನ ಮೇಲೆ. ಅವನ ಹೆಸರು ಯಾಕೆ ಬರೆಯಲಿಲ್ಲ ಎಂದು ಕೇಳಿದಿರಲ್ಲ, ಬರೆಯುವಂಥದ್ದೇನೂ ಇರಲಿಲ್ಲ. ರಜೆಗೆ ಬಂದಾಗಲೆಲ್ಲ ಅಪ್ಪನ ಜೊತೆ ಜಗಳ: “ಸುಣ್ಣದಾಗ ಕೈ ಸುಟ್ಕೊಂಡಿದ್ದು ಸಾಕಾಗಿಲ್ಲೇನು? ಈಗ ಈ ಹುಡುಗಿ ಮಾತು ಕೇಳಿ ಮತ್ತ ಶುರು ಹಚ್ಕೊಂಡಿಯಲ್ಲ!” ಗುರುವಾರ ಅವನು ಶೆಡ್ಡಿನಲ್ಲಿ ಹರವಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಟಲಿ ತುಂಬಿಕೊಳ್ಳುತ್ತಿದ್ದದ್ದನ್ನು ನಾನು ಕಿಟಕಿಯಿಂದ ಕಂಡೆ. ಯಾರೋ ಬಂದ ಸದ್ದಾದಾಗ ಬ್ಯಾಗಿನೊಳಗೆ ತುರುಕಿದ. ಕುಡಿದು ನೋಡಿರಬೇಕು. ಇಲ್ಲವೇ ಅಪ್ಪನ ಹಟ ಮುರಿಯಲು ಉಳಿದದ್ದನ್ನು ಚೆಲ್ಲಿರಬೇಕು.

ಅರ್ಚಿತಾ


ಹೊಸಪೇಟೆ
೩೧ ಆಗಸ್ಟ್ ೨೦೨೫

ಚಿ. ಅರ್ಚಿತಾಗೆ ಆಶೀರ್ವಾದಗಳು.

ಕಾಗದ ಮುಟ್ಟಿತು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬೆಕ್ಕು ಬೀಳಿಸಿರಬಹುದು. ಹೊಸದಾಗಿ ಬೆಲ್ಲ ನೆನೆಹಾಕಿದರೆ ಆಗುವುದಿಲ್ಲವೆ?

ಯಾರ ಮೇಲೂ ಸುಮ್ಮನೆ ಅಪವಾದ ಹೊರಿಸಬೇಡ. ಆ ಹುಡುಗನ ಮೇಲೂ.

ಇಲ್ಲಿ ಮಳೆಯಿಲ್ಲ, ಸೆಕೆ. ನಾನು ಎಲ್ಲೂ ಹೊರಗೆ ಹೋಗುತ್ತಿಲ್ಲ. ವೆಂಕೋಬನಿಗೂ ಬರಬೇಡವೆಂದಿದ್ದೇನೆ.

ಯಮುನಾಬಾಯಿ


ಸಂಡೂರು
೧೦ ಸೆಪ್ಟೆಂಬರ್ ೨೦೨೫

ಅತ್ತೆಗೆ ನಮಸ್ಕಾರಗಳು.

ಊರಿನ ಹೆಸರು ನೋಡಿ ಗಾಬರಿಯಾಗಬೇಡಿ. ಇಲ್ಲಿ ಅದಿರು ಪರೀಕ್ಷೆಯ ಒಂದು ಲ್ಯಾಬಿಗೆ ಸೇರಿದ್ದೇನೆ. ನಿಮಗೆ ಸಂತೋಷವಾಗಬಹುದು. ಬೂಟು ಕೊಟ್ಟಿದ್ದಾರೆ.

ಅಂಜಿನೇಯ ಮುಂದಿನ ರಜೆಗೆ ಬಂದಾಗ ನಾನು ಕೇಳಿಯೇಬಿಟ್ಟೆ. ಅಜ್ಜನ ಎದುರಿಗೇ. ಬಾಟಲಿ ತುಂಬಿಕೊಂಡೆಯೋ ಇಲ್ಲವೋ ಎಂದೆ. ಅವನು ನನ್ನನ್ನು ನೋಡಿದ, ಅಪ್ಪನನ್ನು ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಹುಲುಗಪ್ಪಜ್ಜ ಎದ್ದು ನಿಂತು ಹೇಳಿದರು: “ನನ್ನ ಮಗ ಕುಡುಕ ಅಲ್ಲ, ಕಳ್ಳನೂ ಅಲ್ಲ. ಯವ್ವಾ, ನೀ ಇನ್ನ ಬರಬ್ಯಾಡ. ಹೆಪ್ಪೂ ಹೋತು, ನಂಬಿಗೀನೂ ಹೋತು, ಇನ್ನೇನು ಕಲಿಸ್ಲಿ ನಿನಗ?”

ನೀವು ಬೆಕ್ಕು ಎಂದಿರಿ. ಬೆಕ್ಕು ಹರವಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಮೂರು ಸಲ ತೊಳೆದು, ಬೋರಲು ಹಾಕಿ ಹೋಗುವುದಿಲ್ಲ. ನಾವು ಬಂದಾಗ ಹಾಗಿತ್ತು. ಮೊದಲು ಇದನ್ನು ನಿಮಗೆ ಬರೆದಿರಲಿಲ್ಲ. ತೊಳೆದಿಟ್ಟು ಹೋದ ಕಳ್ಳನ ಬಗ್ಗೆ ನಾನಂತೂ ಎಲ್ಲೂ ಕೇಳಿಲ್ಲ. ಅಂಜಿನೇಯ ಅಣಕಿಸಲು ಮಾಡಿದ ಎಂದುಕೊಂಡಿದ್ದೆ. ಈಗ ಏನು ಅಂದುಕೊಳ್ಳಬೇಕೋ ತಿಳಿಯುತ್ತಿಲ್ಲ.

ಗುಡಿಯ ಗೋಡೆ ಹಾಗೇ ಬರಿಗಲ್ಲಾಗಿ ನಿಂತಿದೆ. ದಿನಾ ಮಣ್ಣಿನ ಲಾರಿಗಳ ಕೆಂಪು ಧೂಳು ಕುಡಿಯುತ್ತೇನೆ, ಅಂಕಿ ಬರೆಯುತ್ತೇನೆ. ಸಂಜೆ ಕೈ ತೊಳೆದರೆ ಎಲ್ಲ ಹೋಗಿಬಿಡುತ್ತದೆ. ಸುಣ್ಣದ ಕೈ ಹಾಗೆ ಹೋಗುತ್ತಿರಲಿಲ್ಲ.

ನೀವೇಕೆ ಎಲ್ಲೂ ಹೊರಗೆ ಹೋಗುತ್ತಿಲ್ಲ ಅತ್ತೆ?

ಅರ್ಚಿತಾ


ಹೊಸಪೇಟೆ
೨೯ ಸೆಪ್ಟೆಂಬರ್ ೨೦೨೫

ಚಿ. ಅರ್ಚಿತಾಗೆ.

ನಿನ್ನ ಕೊನೆಯ ಸಾಲನ್ನು ಹದಿನೈದು ದಿನ ಓದಿದೆ. ನಿನಗೆ ಆಗಲೇ ಅನುಮಾನ ಬಂದಿತ್ತು, ಅಲ್ಲವೆ? ಹುಣಸೆಹಣ್ಣು, ಮೂರು ಸಲ, ಬೋರಲು. ಈ ಮನೆಯಲ್ಲಿ ಬೆಳೆದವಳಿಗೆ ಅದು ಯಾರ ಕೈ ಎಂದು ಹೇಳಬೇಕಿಲ್ಲ.

ನಾನೇ.

ಅಮಾವಾಸ್ಯೆಯ ದಿನ ಹನ್ನೊಂದರ ಬಸ್ಸಿಗೆ ಬಂದೆ. ನಿನ್ನನ್ನು ಕೈಯಾರೆ ಹಿಡಿಯಬೇಕು ಎಂದೇ ಹೇಳದೆ ಬಂದೆ. ಮನೆಗೆ ಬೀಗ, ಶೆಡ್ಡಿಗೆ ಬರೀ ಚಿಲಕ. ತೆಗೆದ ಕೂಡಲೇ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ನನಗೆ ಸರಾಯಿಯ ವಾಸನೆ ಗೊತ್ತಿಲ್ಲ, ಆದರೆ ಹೀಗೇ ಇರುತ್ತದೆ ಎಂದು ಯಾವತ್ತೋ ನಿರ್ಧಾರ ಮಾಡಿಬಿಟ್ಟಿದ್ದೆ. ಅಣ್ಣನ ಮಗಳು ಭಟ್ಟಿ ಇಳಿಸುತ್ತಿದ್ದಾಳೆ ಎಂದುಕೊಂಡೆ. ಸೆರಗು ಸಿಕ್ಕಿಸಿ, ಆ ಹರವಿಗಳನ್ನು ಒಂದೊಂದಾಗಿ ಓರೆ ಮಾಡಿ ಚರಂಡಿಗೆ ಬಿಟ್ಟೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ಶಕ್ತಿ ಎಲ್ಲಿಂದ ಬಂತೋ! ಪುಣ್ಯದ ಕೆಲಸ ಮಾಡುತ್ತಿದ್ದೇನೆಂಬ ಹುರುಪು. ಹಾಗೇ ಬಿಟ್ಟರೆ ಮೈಲಿಗೆಯೆಂದು ತೊಳೆದೂ ಇಟ್ಟೆ.

ತಿಕ್ಕುವಾಗ ಎರಡನೆಯ ಹರವಿಯ ತಳದಲ್ಲಿ ಅಳಲೆಕಾಯಿ ಸಿಕ್ಕಿತು. ನಿನಗೆ ಹೊಟ್ಟೆನೋವು ಬಂದಾಗ ನಾನೇ ತೇದು ಕುಡಿಸಿದ ಅಳಲೆಕಾಯಿ. ಹೆಂಡಕ್ಕೆ ಅಳಲೆಕಾಯಿ ಯಾರು ಹಾಕುತ್ತಾರೆ ಎಂದು ಆಗ ಹೊಳೆಯಿತು. ಅಷ್ಟರಲ್ಲಿ ನೀರು ಹೋಗಿಯಾಗಿತ್ತು. ಓಡಿ ಬಂದೆ ಅರ್ಚಿತಾ. ಬಸ್ಸಿನಲ್ಲಿ ಕೂತು ನೋಡಿದರೆ ಬೆರಳೆಲ್ಲ ಕಪ್ಪು. ಅಳಲೆಕಾಯಿಯ ಆ ಕಲೆ ಎಂಟು ದಿನ ಹೋಗಲಿಲ್ಲ. ಅದಕ್ಕೇ ಹೊರಗೆ ಹೋಗಲಿಲ್ಲ, ಯಾರಿಗೂ ಮುಖ ತೋರಿಸಲಿಲ್ಲ.

ನಿನ್ನ ಕಾಗದದಲ್ಲಿ ‘ನಿಮ್ಮ ಮೊಸರಿನ ಹಾಗೆಯೇ’ ಎಂದು ಓದಿದಾಗ ಅಡುಗೆಮನೆಗೆ ಹೋಗಿ ನನ್ನ ಹೆಪ್ಪಿನ ಬಟ್ಟಲು ನೋಡಿದೆ. ಅದನ್ನು ಯಾರಾದರೂ ಚರಂಡಿಗೆ ಸುರಿದಿದ್ದರೆ ನಾನು ಅವರ ವಂಶವನ್ನೇ ಶಪಿಸುತ್ತಿದ್ದೆ. ಆದರೂ ಬೆಕ್ಕು ಎಂದು ಬರೆದೆ. ಮಕ್ಕಳ ಸುಳ್ಳು ಹಿಡಿದ ಕೈಯಿಂದಲೇ ಬರೆದೆ. ನನಗೆ ನಾಚಿಕೆಯಾಗಿದೆ.

ನೆನ್ನೆ ಭಾನುವಾರ ಹುಲುಗಪ್ಪನವರ ಮನೆಗೆ ಹೋದೆ. ಅಂಜಿನೇಯನೂ ಇದ್ದ. ನಿಂತೇ ಎಲ್ಲ ಹೇಳಿದೆ. ವಿರುಪಮ್ಮ ನನ್ನ ಕಿವಿಗೆ ಬಾಯಿಟ್ಟು “ಕುಂದ್ರಿ ಬಾಯಾರ, ಕುಂದ್ರಿ” ಎಂದರು. ಆಗ ಆ ಹುಡುಗ ಎದ್ದು ಒಳಗೆ ಹೋಗಿ ಬ್ಯಾಗು ತಂದ. ಅದರೊಳಗಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದು ಅಪ್ಪನ ಮುಂದೆ ಇಟ್ಟ. ಕಂದು ನೀರು, ಮೇಲೆ ನೊರೆ.

ನಾಲ್ಕು ಸಲ ಕೂಗಿಸಿ ಕೇಳಿ ತಿಳಿದುಕೊಂಡ ಮಾತು ಇದು. “ಅಪ್ಪನ ಕೈ ನಡುಗಾಕ ಹತ್ಯಾವ್ರೀ. ನಾಳೆ ಏನರ ಆದ್ರ ಹೆಪ್ಪು ಒಂದು ನನ್ನ ಹತ್ರ ಇರ್ಲಿ ಅಂತ ಒಯ್ದಿದ್ದೆ. ವಾರಕ್ಕೊಮ್ಮೆ ಬೆಲ್ಲ ಹಾಕ್ತೀನಿ. ರೂಮಿನಾಗ ಎಲ್ಲಾರು ನಾ ಕುಡಿತೀನಿ ಅಂತ ತಿಳ್ಕೊಂಡಾರ.” ಅಪ್ಪನ ಎದುರು ಅಷ್ಟು ಬೈದವನು ಇದನ್ನು ಕೇಳಿ ತೆಗೆದುಕೊಳ್ಳಲು ಮಾನ ಬಿಡಲಿಲ್ಲವಂತೆ. ಮತ್ತೆ ಅವತ್ತೇ ಯಾಕೆ ತೋರಿಸಲಿಲ್ಲ ಎಂದೆ. “ಕಳ್ಳ ಅಂದ ಮ್ಯಾಲೆ ಬಾಟ್ಲಿ ತೋರಿಸಿದ್ರ ನಾನ ಕದ್ದೆ ಅಂತ ಗಟ್ಟಿ ಆಗ್ತಿತ್ತಲ್ರೀ ಬಾಯಾರ. ಚೆಲ್ಲಿದವರು ಸಿಗೂತನಕ ಸುಮ್ನ ಇರಬೇಕಾತು.”

ಹುಲುಗಪ್ಪನವರು ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಕಣ್ಣು ಒರೆಸಿಕೊಂಡರು. ನಿನ್ನನ್ನು ಕರೆಯಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಎರಡು ಹರವಿಗಳನ್ನು ನೆಟ್ಟಗೆ ನಿಲ್ಲಿಸಿ ನೀರು ತುಂಬಿಸತೊಡಗಿದರು. ಬೆಲ್ಲ ನಾನು ಕುಟ್ಟಿಕೊಟ್ಟೆ.

ಇನ್ನು ನೀನು ಹೇಗೆ ನಡೆದುಕೊಳ್ಳಬೇಕೋ ನಾನು ಹೇಳುವುದಿಲ್ಲ. ಹೇಳುವ ಅರ್ಹತೆ ಕಳೆದುಕೊಂಡಿದ್ದೇನೆ.

ಅತ್ತೆ


ಕಂಪ್ಲಿ
೮ ನವೆಂಬರ್ ೨೦೨೫

ಅತ್ತೆಗೆ ನಮಸ್ಕಾರಗಳು.

ಒಂದು ತಿಂಗಳಿಗಿಂತ ಹೆಚ್ಚು ಉತ್ತರ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ. ನಿಮ್ಮ ಮೇಲೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು. ನೀವು ವಾಸನೆ ನೋಡಿ ತೀರ್ಮಾನ ಮಾಡಿದಿರಿ, ನಾನು ಬಾಟಲಿ ನೋಡಿ ಮಾಡಿದೆ. ನಿಮ್ಮ ಕೈಯಲ್ಲಿ ಬೆಳೆದವಳು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸಂಡೂರಿನ ಬೂಟು ವಾಪಸು ಕೊಟ್ಟೆ. ಅಲ್ಲಿಂದ ಸೀದಾ ತೋರಣಗಲ್ಲಿಗೆ ಹೋಗಿ, ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತೆ. ಅಂಜಿನೇಯ ತನ್ನ ಗೆಳೆಯರ ಜೊತೆ ಬಂದ. ಅವನನ್ನು ಕಳ್ಳನೆಂದದ್ದು ನನ್ನ ತಪ್ಪು, ಬಾಟಲಿಯಲ್ಲಿದ್ದದ್ದು ಸರಾಯಿಯಲ್ಲ ಎಂದು ಅವರೆಲ್ಲರ ಎದುರಿಗೇ ಹೇಳಿದೆ. ಅವನು ನಾಚಿಕೊಂಡು, “ಆತು ಬಿಡ್ರೀ, ಬಸ್ ಹೊಂಟೈತಿ, ಜಲ್ದಿ ಹತ್ರಿ” ಎಂದ. ಅಜ್ಜ ಮಾತ್ರ ನನ್ನ ಜೊತೆ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಗಾರೆ ಬಳಿಯುವ ಕರಣಿಯನ್ನು ನನ್ನ ಕೈಗೆ ಕೊಟ್ಟು ತಾವು ಕಟ್ಟೆಯ ಮೇಲೆ ಕೂತರು. ಗೋಡೆ ಪೂರ್ತಿ ನಾನೇ ಹಾಕಿದೆ ಅತ್ತೆ. ನಾನೇ.

ಹುಣ್ಣಿಮೆಯ ದಿನ ಗುಡಿಯ ಹಿರಿಯರು ಬಂದರು. ಕೊಡಗಟ್ಟಲೆ ನೀರು ಎರಚಿಸಿದರು. ಒಬ್ಬರಿಗೆ ಅಷ್ಟಕ್ಕೂ ಸಮಾಧಾನವಾಗದೆ ಮೊಳೆಯಿಂದ ಗೀರಿ ನೋಡಿದರು. ಗೀರು ಬೀಳಲಿಲ್ಲ, ಮೊಳೆಯ ತುದಿ ಮೊಂಡಾಯಿತು. ಗುಡಿಗೆ ಸಿಮೆಂಟು ಇಲ್ಲ. ಆ ಕ್ಷಣದಲ್ಲಿ ನನಗೆ ಆದ ಸಂತೋಷವನ್ನು ಬರೆಯಲು ಬರುವುದಿಲ್ಲ, ಬಂದು ಗೋಡೆಗೆ ಅಂಗೈ ಇಟ್ಟು ನೋಡಿ. ಹೊಳಪಿಗೆ ಅಂಗಡಿಯ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಬಸಿದು ಹಾಕಿದ್ದೇನೆ, ಅಷ್ಟು ಸಾಲದು. ಉಳಿದ ಮೂರು ಗೋಡೆಗಳಿಗೆ ನಿಮ್ಮ ಮೊಸರು ಬೇಕು. ವ್ರತಗಳೆಲ್ಲ ಮುಗಿದವಲ್ಲ, ಇನ್ನು ನೆವ ಹೇಳಬೇಡಿ.

ಇನ್ನೊಂದು ವಿಷಯ. ಡಿಸೆಂಬರಿನಲ್ಲಿ ಅಜ್ಜ ಮತ್ತು ನಾನು ಹಳೆಯ ಗಾರೆ ನೋಡಿ ಬರಲು ಹನ್ನೆರಡು ದಿನ ಹಂಪಿಯಲ್ಲಿ ಇರುತ್ತೇವೆ. ಅಷ್ಟು ದಿನ ಹರವಿಗಳನ್ನು ಬಿಟ್ಟುಹೋಗುವಂತಿಲ್ಲ. ಬೆಲ್ಲ ಹಾಕಬೇಕು, ಕಲಕಬೇಕು, ಒಂದು ದಿನವೂ ಮರೆಯಬಾರದು. ವಿರುಪಮ್ಮನಿಗೆ ಕಣ್ಣಿನ ಆಪರೇಶನ್ನು ಇದೆ. ಯಾರನ್ನು ಇಡೋಣ ಎಂದು ಕೇಳಿದಾಗ ಅಜ್ಜ ಯೋಚನೆಯನ್ನೂ ಮಾಡಲಿಲ್ಲ. “ಹೆಪ್ಪು ಕಾಯೋದು ಗೊತ್ತಿದ್ದವ್ರು ನಿಮ್ಮತ್ತಿ ಒಬ್ಬರ. ಅವ್ರಿಗೆ ಬರಾಕ ಹೇಳು” ಎಂದರು.

ಶೆಡ್ಡಿಗೆ ಈಗ ಚಿಲಕವಲ್ಲ, ಬೀಗ ಹಾಕಿದ್ದೇವೆ. ಅದಕ್ಕೆ ಇರುವುದು ಎರಡು ಕೀಲಿಕೈ. ಒಂದು ಅಜ್ಜನ ಉಡಿದಾರದಲ್ಲಿದೆ. ಇನ್ನೊಂದನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ.

ಅರ್ಚಿತಾ